ಎಡಗೈ ಎಮ್ಮಕ್ಕ

ಅನಂತಪದ್ಮನಾಭ ಪ್ರೂಫ್ ಹಾಳೆಯನ್ನು ಮೇಜಿನ ಮೇಲೆ ಹರಡಿ ನೋಡಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಗಂಗಯ್ಯನೋರೇ, ಇದ್ಯಾವ ಟೀಮ್ ರೀ? ಹನ್ನೊಂದಕ್ಕೆ ಹನ್ನೊಂದೂ ಎಡಚರು!"

ಪ್ರೆಸ್ಸಿನ ಮಾಲೀಕ ಗಂಗಯ್ಯ ಹಾಳೆಯ ಮೇಲೆ ಬಗ್ಗಿದರು. ಅವರಿಗೆ ಏನೂ ಕಾಣಲಿಲ್ಲ. ಯಡಿಯೂರಿನ ಆ ಪ್ರೆಸ್ಸಿನಲ್ಲಿ ಯಾರಿಗೂ ಏನೂ ಕಂಡಿರಲಿಲ್ಲ. ಅಲ್ಲಿ ಅಚ್ಚಿನ ಮೊಳೆ ಜೋಡಿಸುವವರು ದಿನವಿಡೀ ಕನ್ನಡವನ್ನು ಹಿಂದುಮುಂದಾಗಿ ಓದುತ್ತಿದ್ದರು. ಕ್ಯಾಮೆರಾ ರೂಮಿನ ಪಿಳ್ಳಪ್ಪ ಬಿಳಿಯನ್ನು ಕಪ್ಪಾಗಿ, ಎಡವನ್ನು ಬಲವಾಗಿ ನೋಡಿಕೊಂಡೇ ತಲೆ ನರೆಸಿಕೊಂಡಿದ್ದ. ತಿರುಗುಮುರುಗಾದದ್ದೇ ಅವರ ಕಣ್ಣಿಗೆ ನೆಟ್ಟಗಿನದು.

"ಕೋತಿ ನೋಡಿ," ಎಂದು ಅನಂತಪದ್ಮನಾಭ ಚಿತ್ರದ ಮೇಲೆ ಬೆರಳಿಟ್ಟರು. "ಎಡಗೈಲಿ ಬಾಲ್ ಹಾಕ್ತಿದೆ. ಹೋಗ್ಲಿ, ಹಾಕ್ಲಿ. ಮೊಲ ಎಡಗೈ ಬ್ಯಾಟು. ಆನೆ ಎಡಗೈ ಬ್ಯಾಟು. ನರಿ ಎಡಗೈಲಿ ಥ್ರೋ ಮಾಡ್ತಿದೆ. ಇಂಥ ಟೀಮನ್ನ ಯಾವ ದೇಶದಲ್ರೀ ನೋಡಿದೀರಾ?"

"ಏಯ್, ಜಯಾನ್ನ ಕರೀರಿ," ಎಂದು ಗಂಗಯ್ಯ ಕೂಗಿದರು.

ಅನಂತಪದ್ಮನಾಭ ಜಯನಗರದವರು, ಕಾಲೇಜಿನಲ್ಲಿ ಕ್ರಿಕೆಟ್ ಆಡಿದವರು. ಉತ್ತರಹಳ್ಳಿ ರಸ್ತೆಯ ಒಂದು ಶೆಡ್ಡಿನಲ್ಲಿ ಬಬಲ್ ಗಮ್ ಮಾಡಿಸುತ್ತಿದ್ದರು. ಹಿಂದಿನ ವರ್ಷ ದೇಶ ಕಪ್ ಗೆದ್ದ ಮೇಲೆ ಮಕ್ಕಳಿಗೆ ಕ್ರಿಕೆಟ್ ಬಿಟ್ಟು ಬೇರೆ ಏನೂ ಬೇಡವಾಗಿತ್ತು. ಗಮ್ಮಿನ ಜೊತೆ ಆಟಗಾರರ ಕಾರ್ಡು ಇಡಬೇಕೆಂದು ಅವರಿಗೂ ಆಸೆ. ನಿಜವಾದ ಆಟಗಾರರ ಫೋಟೋ ಹಾಕಲು ಒಪ್ಪಿಗೆ ಬೇಕು, ಒಪ್ಪಿಗೆ ಅವರ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಪ್ರಾಣಿಗಳ ಕಾರ್ಟೂನ್ ತಂಡ. ಹನ್ನೊಂದು ಮಂದಿ ಆಟಗಾರರು, ಹನ್ನೆರಡನೆಯವನಾಗಿ ನೀರು ತರುವ ಕರಡಿ. ಒಂದು ಹಾಳೆಗೆ ಹನ್ನೆರಡು ಕಾರ್ಡು. ಇದು ಓಡಿದರೆ ಮುಂದೆ ಹಾಕಿ ಆಟದ ಸೆಟ್ಟೊಂದನ್ನೂ ಮಾಡಿಸುವ ಯೋಚನೆಯಿತ್ತು.

ಚಿತ್ರ ಬರೆದವಳು ಜಯಾ. ಯಡಿಯೂರು ಕೆರೆಯ ಹಿಂದಿನ ಹಳೇ ಊರಿನವಳು. ಎರಡು ವರ್ಷದಿಂದ ಆ ಪ್ರೆಸ್ಸಿನಲ್ಲಿ ಊದುಬತ್ತಿ ಪೊಟ್ಟಣದ ಗುಲಾಬಿ, ಲಗ್ನಪತ್ರಿಕೆಯ ಗಣಪತಿ, ಪಿನಾಯಿಲ್ ಬಾಟಲಿಯ ಹೊಳೆಯುವ ನೆಲ ಬರೆದಿದ್ದಳು. ಎಲ್ಲವೂ ಹಳೆಯದನ್ನು ನೋಡಿ ಬರೆದದ್ದು. ಈ ತಂಡವೊಂದೇ ಅವಳ ತಲೆಯಿಂದ ಬಂದದ್ದು.

ಜಯಾ ಬಂದು ಹಾಳೆ ನೋಡಿದಳು. "ಕನ್ನಡಿ ಸಾರ್," ಎಂದಳು.

"ಏನು ಕನ್ನಡಿ?"

"ಮನೇಲಿ ಕನ್ನಡಿ ಮುಂದೆ ನಿಂತ್ಕೊಂಡು ಬರೆದೆ. ಆಡೋ ಥರ ನಾನೇ ನಿಂತ್ಕೊಳ್ಳೋದು, ಕಂಡಿದ್ದನ್ನ ಬರೆಯೋದು. ಮುದ್ದೆ ಕೋಲೇ ಬ್ಯಾಟು. ನಾನು ಬಲಗೈಲೇ ಹಿಡಿದಿದ್ದೆ."

ಗಂಗಯ್ಯ ಹಣೆ ಚಚ್ಚಿಕೊಂಡರು. ಬೇರೆ ಯಾರನ್ನು ನಿಲ್ಲಿಸಿಕೊಂಡು ಬರೆಯಬೇಕಿತ್ತು ಎಂದು ಮಾತ್ರ ಯಾರೂ ಕೇಳಲಿಲ್ಲ. ಹಳೇ ಊರಿನಲ್ಲಿ ಮದುವೆಯಾಗದ ಹುಡುಗಿ ಗಂಡಸರನ್ನು ಅಂಗಳದಲ್ಲಿ ಬಗ್ಗಿಸಿ ಏಳಿಸಿ ಚಿತ್ರ ಬರೆಯುವುದು ಆಗದ ಮಾತು.

"ಅಲ್ಲಮ್ಮಾ, ನೀವು ಕ್ರಿಕೆಟ್ಟೇ ನೋಡಿಲ್ವಾ?" ಎಂದು ಅನಂತಪದ್ಮನಾಭ ಕೇಳಿದರು.

"ರೇಡಿಯೋದಲ್ಲಿ ಕೇಳಿದೀನಿ ಸಾರ್. ರೇಡಿಯೋದಲ್ಲಿ ಯಾವ ಕೈ ಅಂತ ಕಾಣಲ್ಲ."

ಅನಂತಪದ್ಮನಾಭರಿಗೆ ನಗು ಬಂತು. ತಡೆದುಕೊಂಡರು.

ಪಿಳ್ಳಪ್ಪನಿಗೆ ಇದೊಂದು ದೊಡ್ಡ ವಿಷಯವೇ ಆಗಿರಲಿಲ್ಲ. "ಫಿಲಮ್ ಮಗುಚಿ ಹಾಕಿ ಪ್ಲೇಟ್ ಮಾಡಿದ್ರಾಯ್ತು ಸಾರ್. ಎಡ ಎಲ್ಲಾ ಬಲ ಆಯ್ತದೆ. ಹೆಸರು, ನಂಬರು ಬೇರೆ ಫಿಲಮಲ್ಲೈತೆ, ಅದು ಹಂಗೇ ಇರ್ಲಿ." ಅವನು ಒಳಗೆ ಹೋಗಿ ಫಿಲಮ್ ತಂದು, ಗಾಜಿನ ಮೇಜಿನ ಕೆಳಗಿನ ಟ್ಯೂಬ್‌ಲೈಟ್ ಹಾಕಿ, ಮಗುಚಿ ಇಟ್ಟ. ಕೋತಿ ಬಲಗೈ ಬೌಲರ್ ಆಯಿತು. ಆನೆ ಬಲಕ್ಕೆ ಬಂತು. ಎಲ್ಲರ ಉಸಿರು ಸಲೀಸಾಯಿತು.

"ಎಮ್ಮಕ್ಕಂದು ಸರಿ ಹೋಗಲ್ಲ," ಎಂದಳು ಜಯಾ.

ಎಮ್ಮಕ್ಕ ತಂಡದಲ್ಲಿದ್ದ ಒಬ್ಬಳೇ ಹೆಣ್ಣು. ಉಳಿದ ಪ್ರಾಣಿಗಳಿಗೆಲ್ಲ ಬಿಳಿ ಷರಟು, ಪ್ಯಾಂಟು. ಎಮ್ಮಕ್ಕನಿಗೆ ಕಚ್ಚೆ ಕಟ್ಟಿದ ಹಸಿರು ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಾಲಿಗೆ ಪ್ಯಾಡು. ಒಂದು ಮೊಣಕಾಲು ನೆಲಕ್ಕೂರಿ ಬ್ಯಾಟನ್ನು ಅಡ್ಡಡ್ಡಕ್ಕೆ ಬೀಸುತ್ತಿದ್ದಳು. ಬ್ಯಾಟನ್ನು ಜಯಾ ಕನ್ನಡಿ ನೋಡಿ ಬರೆದಿದ್ದಳು. ಸೆರಗನ್ನು ನೋಡಿ ಬರೆಯುವ ಅಗತ್ಯವೇ ಬಿದ್ದಿರಲಿಲ್ಲ. ದಿನಾ ಹೊದೆಯುವ ಸೆರಗು, ಕೈ ತಾನಾಗಿ ಅದನ್ನು ಎಡ ಹೆಗಲಿಗೇ ಹಾಕಿತ್ತು. ಈಗ ಫಿಲಮ್ ಮಗುಚಿದರೆ ಬ್ಯಾಟು ಸರಿಹೋಗಿ, ಸೆರಗು ಬಲ ಹೆಗಲಿಗೆ ಹೋಗಿತ್ತು.

ಗಂಡಸರು ಮೂವರೂ ಬಗ್ಗಿ ನೋಡಿದರು.

"ಯಾರಿಗೆ ಗೊತ್ತಾಗತ್ತೆ ಬಿಡೇ," ಎಂದರು ಗಂಗಯ್ಯ.

"ಸೀರೆ ಉಡೋರಿಗೆಲ್ಲ ಗೊತ್ತಾಗತ್ತೆ. ಗಮ್ ಕೊಡಿಸೋರು ಅವರೇ ಅಲ್ವಾ ಸಾರ್?"

ಅನಂತಪದ್ಮನಾಭ ತಲೆಯಾಡಿಸಿದರು. ಅವರ ಮನೆಯಲ್ಲಿ ಹೆಂಡತಿ, ತಾಯಿ, ಇಬ್ಬರು ಅತ್ತಿಗೆಯರಿದ್ದರು. ಅವರು ಏನೆನ್ನುತ್ತಾರೆಂದು ಊಹಿಸುವುದು ಕಷ್ಟವಿರಲಿಲ್ಲ.

"ಒಂದು ವಾರ ಕೊಡಿ, ಬೇರೆ ಬರೀತೀನಿ," ಎಂದಳು ಜಯಾ.

ವಾರ ಇರಲಿಲ್ಲ. ಹೊಸ ಚಿತ್ರವಾದರೆ ಬಣ್ಣಕ್ಕೊಂದು ಫಿಲಮ್ ಮತ್ತೆ ಆಗಬೇಕು. ಸೋಮವಾರ ಒಂದು ದಿನ ಮಾತ್ರ ಮಿಷನ್ ಖಾಲಿ, ಮಂಗಳವಾರದಿಂದ ಶಾಲೆಯ ಪುಸ್ತಕಗಳ ಕೆಲಸ ಹತ್ತುತ್ತಿತ್ತು. ಬೇಸಿಗೆ ರಜ ಬರುವ ಮೊದಲೇ ಕಾರ್ಡು ಅಂಗಡಿಗೆ ಹೋಗಬೇಕು. ಶಾಲೆಯಲ್ಲಿ ಒಬ್ಬ ಇನ್ನೊಬ್ಬನಿಗೆ ತೋರಿಸಿದರೇ ವ್ಯಾಪಾರ.

"ಹಾಗಾದ್ರೆ ಎಮ್ಮೇನ ಬಿಟ್ಟುಬಿಡಿ," ಎಂದರು ಅನಂತಪದ್ಮನಾಭ. "ಕರಡಿ ಟೀಮಿಗೆ ಬರ್ಲಿ. ಕರಡಿ ಜಾಗದಲ್ಲಿ ನಮ್ಮ ಗಮ್ಮಿನ ಜಾಹೀರಾತು ಹಾಕಿ. ನಿಜ ಹೇಳ್ಬೇಕು ಅಂದ್ರೆ ನಂಗೆ ಮೊದ್ಲಿಂದ್ಲೂ ಅನುಮಾನಾನೇ ಇತ್ತು. ಕ್ರಿಕೆಟ್ ಟೀಮಲ್ಲಿ ಹೆಂಗಸು, ಅದೂ ಎಮ್ಮೆ, ಅದೂ ಸೀರೆ ಉಟ್ಕೊಂಡು."

"ಆಯ್ತು ಸಾರ್, ಹಂಗೇ ಮಾಡಣ," ಎಂದರು ಗಂಗಯ್ಯ. ಅವರಿಗೆ ಹಾಳೆ ಮಿಷನ್ನಿಗೆ ಹತ್ತಿದರೆ ಸಾಕಿತ್ತು.

ಜಯಾ ತನ್ನ ಮೇಜಿಗೆ ಹೋಗಿ ಕುಳಿತಳು. ಅವಳು ಅಳಲಿಲ್ಲ. ಕೋಪದಲ್ಲಿ ಎರಡು ಕುಂಚ ತೊಳೆದಳು, ಎರಡೂ ಆಗಲೇ ತೊಳೆದಿಟ್ಟಿದ್ದವೇ. ಉಳಿದ ಹತ್ತು ಚಿತ್ರ ಚೆನ್ನಾಗಿದ್ದವು. ಹೇಳಿದ ಕೆಲಸವನ್ನು ಚೆನ್ನಾಗಿ ಮಾಡಿದರೆ ಆಗುವಷ್ಟು ಚೆನ್ನ. ಎಮ್ಮಕ್ಕ ಹಾಗಲ್ಲ. ಅದನ್ನು ಬರೆದು ಮುಗಿಸಿದ ದಿನ, ತಾನು ಲೇಬಲ್ ಬರೆಯುವವಳಲ್ಲ, ಚಿತ್ರ ಬರೆಯುವವಳು ಎಂದು ಅವಳಿಗೆ ಮೊದಲ ಸಲ ಅನ್ನಿಸಿತ್ತು. ತಂಡದಿಂದ ಬಿದ್ದುಹೋದದ್ದು ಅದೇ.

ಸಂಜೆ ಕೊಟ್ಟಿಗೆಯಲ್ಲಿ ತಾಯಿ ಮುನಿಯಕ್ಕ ಹಾಲು ಕರೆಯುತ್ತಿದ್ದಳು. ಅವಳಿಗೆ ನಾಲ್ಕು ಎಮ್ಮೆ, ಜಯನಗರದಲ್ಲಿ ದಿನಾ ಹಾಲು ಹಾಕುವ ವರ್ತನೆಯ ಮನೆಗಳು. ಜಯಾ ಗೋಡೆಗೆ ಒರಗಿ ನಡೆದದ್ದೆಲ್ಲ ಹೇಳಿದಳು.

"ಸೆರಗು ಆ ಕಡೆ ಹಾಕ್ಕಂಡು ಯಾವ್ಳೇ ಹಾಲು ಕರ್ದಾಳು? ಕೈಗೆ ಬಂದು ಬೀಳ್ತದೆ," ಎಂದಳು ಮುನಿಯಕ್ಕ. "ನಿಮ್ಮ ಸಾಹುಕಾರ ಬಿಟ್ಟಿದ್ದೇ ಒಳ್ಳೇದಾಯ್ತು. ಹಂಗೆ ಹಾಕಿ ಊರಿಗೆಲ್ಲ ತೋರ್ಸೋದಕ್ಕಿಂತ ಬ್ಯಾಡ."

"ಬಿಡೋದೂ ಬೇಡ, ಹಂಗೆ ಹಾಕೋದೂ ಬೇಡ ಅಮ್ಮ."

"ಮತ್ತೆ ಎಡಗೈಲೇ ಆಡ್ಲಿ ಬಿಡು. ಏನೀಗ? ನಮ್ಮ ಬೈರಮ್ಮ ಎಡಗೈಲಿ ರಾಗಿ ಬೀಸಲ್ವಾ? ಹಿಟ್ಟೇನು ಹುಳೀತದಾ?"

"ಕ್ರಿಕೆಟ್ಟಲ್ಲಿ ಎಡಗೈ ಅಂದ್ರೆ ತಪ್ಪೋ ಏನೋ. ಅವ್ರು ಬೈದಿದ್ದು ನೋಡಿದ್ರೆ..."

"ಗೊತ್ತಿಲ್ದಿದ್ರೆ ಕೇಳು. ಫೋರ್ತ್ ಬ್ಲಾಕಿನ ನಮ್ಮ ಹಾಲಿನ ಮನೆ ವಾರಿಜಮ್ಮ ಅದ್ನೇ ಆಡಕ್ಕೋಯ್ತಾಳೆ. ಬ್ಯಾಂಕಿಗೆ ರಜ ಬಂದ್ರೆ ಪ್ಯಾಂಟ್ ಹಾಕ್ಕಂಡು ಹೊರಟ್ಲು ಅಂತ ಅವರಮ್ಮ ದಿನಾ ಗೋಳಾಡ್ತದೆ."

ಭಾನುವಾರ ಬೆಳಿಗ್ಗೆ ಜಯಾ ಪ್ರೂಫಿನ ಒಂದು ಪ್ರತಿಯನ್ನು ಸುರುಳಿ ಸುತ್ತಿಕೊಂಡು ಜಯನಗರದ ಮೈದಾನಕ್ಕೆ ಹೋದಳು. ಹೆಂಗಸರ ಕ್ಲಬ್ಬೊಂದು ಒಂದು ಮೂಲೆಯಲ್ಲಿ ಮ್ಯಾಟ್ ಹಾಸಿ ಪ್ರಾಕ್ಟೀಸ್ ಮಾಡುತ್ತಿತ್ತು. ಬೇಲಿಯಾಚೆ ಸೈಕಲ್ ನಿಲ್ಲಿಸಿಕೊಂಡು ನಾಲ್ಕೈದು ಗಂಡಸರು ನೋಡುತ್ತಿದ್ದರು. ಒಬ್ಬ, "ಅಕ್ಕಾ, ಮೆಲ್ಲಗೆ, ಬಳೆ ಒಡೆದೀತು," ಎಂದ. ಬ್ಯಾಟು ಹಿಡಿದಿದ್ದ ಎತ್ತರದ ಹೆಂಗಸು ಮುಂದಿನ ಚೆಂಡನ್ನು ಅವನ ಸೈಕಲ್ಲಿನ ಕಡೆಗೇ ಹೊಡೆದಳು. ಚೆಂಡು ಬೇಲಿಗೆ ಬಡಿದು ಸದ್ದಾಯಿತು. ಅವನು ಸೈಕಲ್ ತಳ್ಳಿಕೊಂಡು ಸ್ವಲ್ಪ ದೂರ ಸರಿದು ನಿಂತ.

ಅವಳೇ ವಾರಿಜಾ. ಅವಳು ಆಡುತ್ತಿದ್ದುದು ಎಡಗೈಯಲ್ಲಿ.

ಜಯಾ ಬಹಳ ಹೊತ್ತು ನೋಡಿದಳು. ಬೌಲ್ ಮಾಡುತ್ತಿದ್ದ ಹುಡುಗಿಯರು ಬಲಗೈ ಬ್ಯಾಟಿನವರಿಗೆ ಒಂದೇ ಜಾಗಕ್ಕೆ ಹಾಕುತ್ತಿದ್ದರು. ವಾರಿಜಾ ಬಂದು ನಿಂತರೆ ತಡವರಿಸುತ್ತಿದ್ದರು, ಒಂದು ಹೆಚ್ಚು ಆಚೆ, ಒಂದು ಹೆಚ್ಚು ಈಚೆ. ಅದು ಜಯಾಗೂ ಗೊತ್ತಾಯಿತು. ಚಿತ್ರ ಬರೆಯುವವರ ಕಣ್ಣಿಗೆ ಅಷ್ಟು ಸಾಕಾಗುತ್ತದೆ.

ವಾರಿಜಾ ಪ್ಯಾಡು ಬಿಚ್ಚಲು ಕುಳಿತಾಗ ಜಯಾ ಹತ್ತಿರ ಹೋದಳು.

"ನಾನು ಮುನಿಯಕ್ಕನ ಮಗಳು. ಹಾಲಿನ ಮುನಿಯಕ್ಕ."

"ಓಹೋ, ಚಿತ್ರ ಬರೆಯೋಳು! ನಿಮ್ಮಮ್ಮ ನಿನ್ನ ಬಗ್ಗೆ ಹೇಳದೆ ಹಾಲು ಅಳೆಯಲ್ಲ ಕಣೇ. ಕೂತ್ಕೋ."

ಜಯಾ ಹಾಳೆ ಬಿಚ್ಚಿದಳು. ವಾರಿಜಾ ಹನ್ನೊಂದನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕನ್ನಡಿಯ ಕಥೆ ಕೇಳಿ ಇನ್ನೂ ನಕ್ಕಳು. ಎಮ್ಮಕ್ಕನ ಹತ್ತಿರ ಬಂದಾಗ ನಗು ನಿಂತಿತು.

"ಇದು ಸ್ವೀಪ್ ಶಾಟು. ಕರೆಕ್ಟಾಗಿದೆ. ಮೊಣಕಾಲು, ಬೆನ್ನು, ತಲೆ, ಎಲ್ಲಾ. ಯಾರು ತೋರಿಸ್ಕೊಟ್ರು?"

"ಯಾರೂ ಇಲ್ಲ. ಅಮ್ಮ ಕೊಟ್ಟಿಗೇಲಿ ಸಗಣಿ ಬಾಚೋದು ಹೀಗೇ. ಮೊಣಕಾಲು ಊರ್ಕೊಂಡು, ಹಲಗೇಲಿ ಒಂದೇ ಬೀಸಿಗೆ ಆಚೆ ತಳ್ತಾಳೆ. ನಾನು ಹಂಗೇ ಕೂತ್ಕೊಂಡು ಬರೆದೆ."

"ನಮ್ಮ ಕೋಚ್‌ಗೆ ಹೇಳ್ತೀನಿ ತಡಿ, ಮುಂದಿನ ವಾರದಿಂದ ಎಲ್ಲರಿಗೂ ಕೊಟ್ಟಿಗೆ ಪ್ರಾಕ್ಟೀಸು." ವಾರಿಜಾ ಪ್ಯಾಡಿನ ಪಟ್ಟಿ ಬಿಚ್ಚುತ್ತಾ ಹೇಳಿದಳು. "ಇದನ್ನ ಯಾಕೆ ತಿರುಗಿಸ್ಬೇಕು? ಹನ್ನೊಂದೂ ಎಡಗೈ ಆದ್ರೆ ನಗ್ತಾರೆ. ಒಬ್ಬರು ಎಡಗೈ ಇದ್ರೆ ಅದು ಟೀಮಿನ ಪುಣ್ಯ. ಬೌಲರ್ ತಲೆ ಕೆಡತ್ತೆ. ನನ್ನ ಓಪನಿಂಗ್ ಕಳಿಸೋದೇ ಅದಕ್ಕೆ."

"ನೀವು ಬಂದು ನಮ್ಮ ಸಾರ್‌ಗೆ ಒಂದು ಮಾತು ಹೇಳ್ತೀರಾ ಅಕ್ಕ?"

"ನಾಳೆ ಬ್ಯಾಂಕಿದೆ. ಅಲ್ದೆ, ನಿನ್ನ ಎಮ್ಮೆ. ನೀನೇ ಹಿಡ್ಕೊಂಡು ಹೋಗು."

ಸೋಮವಾರ ಪ್ರೆಸ್ಸಿಗೆ ಬಂದಾಗ ಪಿಳ್ಳಪ್ಪ ಕರಡಿಯ ಫಿಲಮ್ಮನ್ನು ಎಮ್ಮಕ್ಕನ ಜಾಗಕ್ಕೆ ಅಂಟಿಸಲು ಟೇಪು ಕತ್ತರಿಸುತ್ತಿದ್ದ.

"ಪಿಳ್ಳಪ್ಪಣ್ಣ, ಸ್ವಲ್ಪ ತಡೀರಿ. ಸಾರ್ ಬರ್ಲಿ."

"ಸಾಹುಕಾರ್ರು ಆಗ್ಲೇ ಹೇಳವ್ರಲ್ಲಮ್ಮ."

"ನಾನೂ ಹೇಳೋದಿದೆ."

ಪಿಳ್ಳಪ್ಪ ಅವಳ ಮುಖ ನೋಡಿ ಟೇಪನ್ನು ಮೇಜಿನ ಅಂಚಿಗೆ ಅಂಟಿಸಿಟ್ಟ. ಬೀಡಿ ಹಚ್ಚಲು ಹೊರಗೆ ಹೋದ.

ಅನಂತಪದ್ಮನಾಭ ಬಂದ ಕೂಡಲೇ ಜಯಾ ಎದುರು ನಿಂತಳು. ಗಂಗಯ್ಯ ಕಣ್ಣಲ್ಲೇ ಬೇಡವೆಂದರು. ಅವಳು ನೋಡಲಿಲ್ಲ.

"ಸಾರ್, ಹತ್ತು ಜನರನ್ನ ಮಗುಚಿ ಹಾಕಿ. ಕರಡೀನೂ ಮಗುಚಿ. ಎಮ್ಮಕ್ಕ ಹೇಗಿದಾಳೋ ಹಾಗೇ ಇರ್ಲಿ. ಟೀಮಲ್ಲಿ ಒಬ್ಬಳು ಎಡಗೈ ಬ್ಯಾಟು."

"ಮತ್ತೆ ಅದೇ ಶುರು ಮಾಡಿದ್ರಾ?"

"ನೀವು ಆಡಿರೋರು ಸಾರ್. ಒಬ್ಬ ಎಡಗೈ ಬ್ಯಾಟ್ಸ್‌ಮನ್ ಇದ್ರೆ ಟೀಮಿಗೆ ಒಳ್ಳೇದಾ, ಕೆಟ್ಟದ್ದಾ?"

"ಒಳ್ಳೇದೇ. ಬ್ಯಾಟ್ಸ್‌ಮನ್ ಅಂದ್ರೆ."

"ನಿನ್ನೆ ಮೈದಾನದಲ್ಲಿ ಒಬ್ಬರನ್ನ ನೋಡ್ಬಂದೆ. ಹೆಂಗಸು, ಎಡಗೈ, ಓಪನಿಂಗ್. ಚೆಂಡು ಬೇಲಿ ಹತ್ರ ಹೋದ್ಮೇಲೇ ನಿಲ್ತಿದ್ದಿದ್ದು."

"ಅದು ಸರೀನಮ್ಮ. ಇದು ಮಕ್ಕಳ ವ್ಯಾಪಾರ. ಹುಡುಗರು ಕಾರ್ಡ್ ತೆಗೆದು ನೋಡಿ, 'ಥೂ, ಎಮ್ಮೆ ಬಂತು' ಅಂತ ಬಿಸಾಕಿದ್ರೆ?"

"ಬಿಸಾಕ್ಲಿ. ಚೆನ್ನಾಗಿಲ್ಲ ಅಂತ ಬಿಸಾಕಿದ್ರೆ ಒಪ್ಕೋತೀನಿ. ಅಂಗಡಿಗೇ ಹೋಗದೆ ಬಿಸಾಕೋದನ್ನ ಒಪ್ಪಲ್ಲ. ಹನ್ನೊಂದರಲ್ಲಿ ಚೆನ್ನಾಗಿರೋದು ಅದೇ ಸಾರ್. ಬರೆದವಳು ನಾನು, ನಂಗೆ ಗೊತ್ತು."

ಗಂಗಯ್ಯ ಕುರ್ಚಿ ಬಿಟ್ಟು ಎದ್ದರು. "ಏ ಜಯಾ, ಯಾರ ಹತ್ರ ಮಾತಾಡ್ತಿದೀಯ ಅಂತ ಗೊತ್ತಾ? ಹೋಗು, ಹೋಗಿ ಅಗರಬತ್ತಿ ಲೇಬಲ್ ಮುಗಿಸು."

"ಹೋಗ್ತೀನಿ ಸಾರ್. ಮುಗಿಸ್ತೀನಿ. ಆದ್ರೆ ಎಮ್ಮಕ್ಕನ್ನ ತೆಗೆದ್ರೆ, ಸಾರ್ ಹಾಕಿ ಆಟದ ಸೆಟ್ ಮಾಡಿಸ್ಬೇಕು ಅಂತಿದಾರಲ್ಲ, ಅದನ್ನ ಬೇರೆ ಯಾರ ಕೈಲಾದ್ರೂ ಬರೆಸ್ಲಿ. ನಾನು ಬರೆಯಲ್ಲ."

ಮಾತು ಹೊರಗೆ ಬಿತ್ತು. ಅದರ ತೂಕ ಜಯಾಗೆ ಗೊತ್ತಿತ್ತು. ಚಿತ್ರಗಳ ಮೂಲ ಹಾಳೆಗಳು ಪ್ರೆಸ್ಸಿನವು, ಕೆಲಸ ಗಂಗಯ್ಯನವರದು. ಅವಳದೆಂದು ಇದ್ದದ್ದು ಇನ್ನೂ ಬರೆಯದ ಚಿತ್ರಗಳು ಮಾತ್ರ. ಗಂಗಯ್ಯನವರ ಮುಖ ನೋಡಿದರೆ ಮಧ್ಯಾಹ್ನದೊಳಗೆ ಕುಂಚದ ಡಬ್ಬಿ ಹಿಡಿದುಕೊಂಡು ಮನೆಗೆ ಹೋಗುವ ಹಾಗೆಯೇ ಕಾಣುತ್ತಿತ್ತು. ಹೋದರೆ ಕೊಟ್ಟಿಗೆ ಇದೆ ಎಂದುಕೊಂಡಳು.

ಅನಂತಪದ್ಮನಾಭ ಪ್ರೂಫ್ ಹಾಳೆ ಎಳೆದುಕೊಂಡು ಎಮ್ಮಕ್ಕನನ್ನು ನೋಡಿದರು. ಈ ಸಲ ಬೆರಳಿಟ್ಟು, ಬ್ಯಾಟಿನ ಗುಂಟ, ಮೊಣಕಾಲಿನವರೆಗೆ ನೋಡಿದರು.

"ಯಾವ ನಂಬರಲ್ಲಿ ಆಡಿಸ್ತೀರಿ ಇವಳನ್ನ?"

"ಓಪನಿಂಗ್."

"ಹೊಸ ಬಾಲಿಗೆ ಬಂದು ಸ್ವೀಪ್ ಹೊಡೀತಾಳಾ? ಹಲ್ಲು ಉದುರತ್ತೆ."

"ಎಮ್ಮೆಗೆ ಮೇಲ್ಗಡೆ ಮುಂದಿನ ಹಲ್ಲೇ ಇರಲ್ಲ ಸಾರ್."

ಹೊರಗೆ ಬಾಗಿಲ ಬಳಿ ಪಿಳ್ಳಪ್ಪ ಬೀಡಿಯ ಹೊಗೆ ನುಂಗಿ ಕೆಮ್ಮಿದ. ಮಿಷನ್ ಓಡಿಸುವ ಸೀನು ನಗು ತಡೆಯಲಾರದೆ ಎಣ್ಣೆ ಬಟ್ಟೆಯಲ್ಲಿ ಬಾಯಿ ಒರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ.

"ಅಲ್ರೀ, ಫಾಸ್ಟ್ ಬೌಲರ್‌ಗೆ ಹೆದರಲ್ವಾ?" ಎಂದರು ಅನಂತಪದ್ಮನಾಭ. ಅವರ ದನಿ ಬದಲಾಗಿತ್ತು. ಆಟ ಆಡಿದವರು ಆಟದ ಮಾತಾಡುವ ದನಿ.

"ಬನಶಂಕರಿ ರೋಡಲ್ಲಿ ನಮ್ಮ ಎಮ್ಮೆ ನಡುಮಧ್ಯ ನಿಂತ್ರೆ ಲಾರಿಗೇ ದಾರಿ ಬಿಡಲ್ಲ ಸಾರ್. ಡ್ರೈವರ್ ಇಳಿದು ಕೈ ಮುಗೀಬೇಕು. ಬೌಲರ್ ಯಾವ ಲೆಕ್ಕ?"

ಅನಂತಪದ್ಮನಾಭ ಈಗ ನಗು ತಡೆಯಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಕಾರ್ಡಿನ ಹಿಂದ್ಗಡೆ ಏನು ಬರ್ಸಿದೀರಿ ಗಂಗಯ್ಯನೋರೇ?"

"'ಎಮ್ಮಕ್ಕ, ಬ್ಯಾಟುಗಾರ್ತಿ' ಅಷ್ಟೇ ಸಾರ್."

"ತೆಗೀರಿ ಅದನ್ನ. 'ಎಮ್ಮಕ್ಕ. ಎಡಗೈ ಆರಂಭಿಕ ಆಟಗಾರ್ತಿ. ಲಾರಿಗೇ ದಾರಿ ಬಿಡುವುದಿಲ್ಲ.' ಹಾಗೆ ಹಾಕ್ಸಿ." ಆಮೇಲೆ ಜಯಾ ಕಡೆ ತಿರುಗಿ ಹೇಳಿದರು, "ಹಾಕಿ ಸೆಟ್‌ನ ಮಾತ್ರ ಕನ್ನಡಿ ಮುಂದೆ ಬರೀಬೇಡಿ. ಗ್ರೌಂಡಿಗೆ ಹೋಗಿ ನೋಡಿ."

"ಹೋಗ್ತೀನಿ ಸಾರ್."

"ಇನ್ನೂ ಏನು ನಿಂತಿದೀಯ?" ಎಂದು ಗಂಗಯ್ಯ ಗದರಿದರು. ಗದರಿಕೆಯಲ್ಲಿ ಅರ್ಧ ನೆಮ್ಮದಿಯಿತ್ತು. ಹಾಕಿ ಸೆಟ್ಟೂ ತಮ್ಮಲ್ಲೇ ಅಚ್ಚಾಗುವುದು ಖಚಿತವಾಯಿತಲ್ಲ.

ಪಿಳ್ಳಪ್ಪ ಕರಡಿಯನ್ನು ಅದರ ಜಾಗಕ್ಕೆ ವಾಪಸು ಕಳಿಸಿದ. ಹನ್ನೊಂದು ಫಿಲಮ್ ಮಗುಚಿದ, ಒಂದನ್ನು ಇದ್ದಂತೆಯೇ ಬಿಟ್ಟ. ಪ್ಲೇಟಾಯಿತು. ಬೆಳಿಗ್ಗೆ ಹಳದಿ ಹೋಯಿತು, ಆಮೇಲೆ ಕೆಂಪು, ಊಟದ ಹೊತ್ತಿಗೆ ನೀಲಿ. ಕಪ್ಪು ಬೀಳುವ ತನಕ ಆ ಹಾಳೆಯಲ್ಲಿ ಪ್ರಾಣಿಗಳಿಗೆ ಕಣ್ಣಿರಲಿಲ್ಲ, ಗೆರೆಯಿರಲಿಲ್ಲ; ಬಣ್ಣದ ಮುದ್ದೆಗಳು ಮಾತ್ರ. ಸಂಜೆ ನಾಲ್ಕರ ಮೇಲೆ ಸೀನು ಕಪ್ಪು ಶಾಯಿ ಹಾಕಿ ಮಿಷನ್ ಓಡಲು ಬಿಟ್ಟ. ಮೊದಲ ಹಾಳೆಗಳು ಕೆಳಗೆ ಬಿದ್ದವು.

ಜಯಾ ಹಸಿ ಹಾಳೆಯೊಂದನ್ನು ತುದಿಬೆರಳಲ್ಲಿ ಹಿಡಿದು ಕಿಟಕಿಗೆ ಒಯ್ದಳು. ಹತ್ತು ಮಂದಿ ಬಲಗೈಯವರು, ಅವರ ನಡುವೆ ಎಮ್ಮಕ್ಕ ಮೊಣಕಾಲೂರಿ ಎಲ್ಲರಿಗೂ ಎದುರು ದಿಕ್ಕಿಗೆ ಬೀಸುತ್ತಿದ್ದಳು. ಬರೆಯುವಾಗ ಜಯಾಳ ಮನೆಯ ಕಿಟಕಿಯಿಂದ ಬಂದಿದ್ದ ಬಿಸಿಲು, ಮಗುಚಿದ್ದರಿಂದ, ಮಿಕ್ಕವರ ಮೈಮೇಲೆ ಒಂದು ಕಡೆಯಿಂದ ಬಿದ್ದಿತ್ತು, ಎಮ್ಮಕ್ಕನ ಮೇಲೆ ಇನ್ನೊಂದು ಕಡೆಯಿಂದ. ಅದು ಪಿಳ್ಳಪ್ಪನ ಕಣ್ಣಿಗೂ ಬಿತ್ತು. "ಇವಳಿಗೊಬ್ಬಳಿಗೇ ಬೇರೆ ಸೂರ್ಯ ಮಡಗಿದ್ದೀಯ," ಎಂದ.

ಜಯಾ ಭೂತಗನ್ನಡಿ ಇಟ್ಟು ನೋಡುತ್ತಿದ್ದಳು. ಎಮ್ಮಕ್ಕನ ಎಡಗಣ್ಣಿನ ಬಿಳಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕಪ್ಪು ಚುಕ್ಕೆ ಕೂತಿತ್ತು. ಪ್ಲೇಟಿನ ಮೇಲೆ ಯಾವುದೋ ಧೂಳು. ಹಾಳೆಗಳು ಒಂದರ ಮೇಲೊಂದು ಬೀಳುತ್ತಲೇ ಇದ್ದವು.

"ಸೀನಣ್ಣ, ನಿಲ್ಸಿ."

ಅಲ್ಲಿಯವರೆಗೆ ಓಡುವ ಮಿಷನ್ನನ್ನು ನಿಲ್ಲಿಸು ಎಂದು ಹೇಳುತ್ತಿದ್ದವರು ಆ ಪ್ರೆಸ್ಸಿನಲ್ಲಿ ಗಂಗಯ್ಯ ಒಬ್ಬರೇ. ಸೀನು ಆಫೀಸಿನ ಬಾಗಿಲ ಕಡೆ ನೋಡಿದ. ಗಂಗಯ್ಯ ಅಲ್ಲೇ ಚಹಾ ಲೋಟ ಹಿಡಿದು ನಿಂತಿದ್ದರು. ಮಿಷನ್ ಕಡೆ ನೋಡುತ್ತಾ ಒಂದು ಗುಟುಕು ಕುಡಿದರು.

"ಕಣ್ಣಲ್ಲಿ ಕಸ ಇದೆ. ನಿಲ್ಸಿ," ಎಂದಳು ಜಯಾ ಇನ್ನೊಮ್ಮೆ.

ಸೀನು ಮಿಷನ್ ನಿಲ್ಲಿಸಿದ. ಪಿಳ್ಳಪ್ಪ ಪ್ಲೇಟಿನ ಕಲೆ ಅಳಿಸುವ ಸಣ್ಣ ಕಲ್ಲುಕಡ್ಡಿ ತಂದು ಕೊಟ್ಟ. ಜಯಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪ್ಲೇಟಿನ ಮೇಲೆ ಬಗ್ಗಿ, ಚುಕ್ಕೆಯನ್ನು ಉಜ್ಜಿ ತೆಗೆದಳು. ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಭೂತಗನ್ನಡಿ ಇಟ್ಟು ಮತ್ತೆ ನೋಡಿದಳು.

"ಈಗ ಬಿಡಿ," ಎಂದಳು.